ಕೌದಿಯ ತೂತು ಮತ್ತು ಎರಡರವರೆಗಿನ ಎಣಿಕೆ

೧

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ಇನ್ನೂ ನಿಶ್ಚಯವಾಗಿಲ್ಲ. 1984ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆ ಮಹಾಪ್ರದರ್ಶನದಿಂದ ಆರಂಭಿಸಬಹುದು: ಅಮೆರಿಕದ ಕೆರೊಲೈನಾದ ಕುಸ್ತಿಯೆಲ್ಲ ಒಂದೇ ಅಖಾಡಕ್ಕೆ ಬಂದು ಸೇರಿದ ದಿನ, ಟಿಕೆಟ್ ಸಿಗದವರು ಪಕ್ಕದ ಊರುಗಳ ಸಭಾಂಗಣಗಳಲ್ಲಿ ದೊಡ್ಡ ಪರದೆಯ ಮುಂದೆ ಕುಳಿತು ಕಿರುಚಿದ ದಿನ, ಖಳನಾಯಕ ಹಾರ್ಲನ್ ಮೇಬ್ರಿ ಜನರ ಕಣ್ಮಣಿಯಾದ ಡೆಲ್ ಸ್ಕಾಗಿನ್ಸ್‌ನ ಹಣೆಗೆ ಕಬ್ಬಿಣದ ಕುರ್ಚಿಯಿಂದ ಬಡಿದು, ಅವನನ್ನು ಅಂಗಾತ ಕೆಡವಿ, ರೆಫರಿ ಮೂರು ಎಣಿಸುವವರೆಗೆ ಒತ್ತಿ ಹಿಡಿದ ದಿನ. ಮೂರು ಎಂದರೆ ಮುಗಿಯಿತು.

(ಹೊಡೆತ ನಾಟಕ. ರಕ್ತ ನಿಜ. ಡೆಲ್ ತಾನೇ ಬ್ಲೇಡಿನಿಂದ ಗೀರಿಕೊಂಡದ್ದು.)

ಬರೆದೆ, ಹರಿದೆ. ರಕ್ತದಿಂದ ಆರಂಭವಾದ ಕಥೆ ಮುಂದೆ ಅದಕ್ಕಿಂತ ಹೆಚ್ಚಿನದನ್ನು ಕೇಳುತ್ತದೆ. ನನ್ನ ಬಳಿ ಇರುವುದು ಒಂದು ತೂತು ಮಾತ್ರ.

೨

ಹಾಗಾದರೆ ಕಾರಿನಿಂದ. ಅದೇ ವರ್ಷ, ಹಬ್ಬಕ್ಕೆ ಮುಂಚೆ, ಒಂದು ಬೆಳಗ್ಗೆ. ಡೆಲ್ ಕಾರು ನಡೆಸುತ್ತಿದ್ದಾನೆ. ಹಿಂದಿನ ಸೀಟಿನ ಮೇಲೆ ಅವನ ಹೆಂಡತಿ ಓಪಲ್ ಹೊಲಿದ ಕೌದಿ. ಕೌದಿಯ ಅಡಿಯಲ್ಲಿ, ಮಂಡಿಗಳನ್ನು ಮಡಚಿಕೊಂಡು ಅಂಗಾತ ಮಲಗಿರುವ ಹಾರ್ಲನ್.

“ಏಳ್ಬೇಡ ಕಣೋ, ಎದುರಿಗೆ ಸ್ಕೂಲ್ ಬಸ್ ಬರ್ತಿದೆ.”

“ಉಸಿರು ಕಟ್ಟಿ ಸಾಯ್ತಿದೀನಿ ಮಾರಾಯ.”

“ಸಾಯಿ. ಆದ್ರೆ ಓಪಲ್ ಕೌದಿ ಮೇಲೆ ಸಿಗರೇಟಿನ ಬೂದಿ ಬಿತ್ತೋ, ನಿಜವಾಗ್ಲೂ ಕೊಲ್ತೀನಿ.”

“ರಿಂಗಲ್ಲಿ ಸುಳ್ಳು ಹೊಡೆತಾನೇ ನೆಟ್ಟಗೆ ಹೊಡೆಯೋಕೆ ಬರಲ್ಲ ನಿಂಗೆ. ಕೊಲ್ತಾನಂತೆ!”

ನಾಯಕನೂ ಖಳನೂ ಒಂದೇ ಕಾರಿನಲ್ಲಿ ಕಾಣಿಸಿಕೊಂಡರೆ ಇಬ್ಬರ ಕೆಲಸವೂ ಹೋಗುತ್ತಿತ್ತು. ರಿಂಗಿನ ಹಗೆತನ ನಿಜವೆಂದೇ ಜನ ನಂಬಬೇಕು; ಆ ಕಸುಬಿನ ಕಟ್ಟಳೆ ಅದು. ಆದ್ದರಿಂದ ಊರು ಬಂದಾಗ ಹಾರ್ಲನ್ ಕೌದಿಯೊಳಗೆ ಸೇರುತ್ತಿದ್ದ, ಊರು ದಾಟಿದಾಗ ಎದ್ದು ಕೂರುತ್ತಿದ್ದ, ಮತ್ತು ಇಬ್ಬರೂ ಕರಿದ ಕೋಳಿಯನ್ನು ಹಂಚಿಕೊಂಡು ತಿನ್ನುತ್ತಿದ್ದರು. ಹೆಂಡಂದಿರಿಗೂ ಗುಟ್ಟು ಬಿಟ್ಟುಕೊಡುವಂತಿರಲಿಲ್ಲ. ಟೀವಿಯಲ್ಲಿ ಹಾರ್ಲನ್‌ನ ಮುಖ ಬಂದರೆ ಓಪಲ್ ಊಟ ಬಿಟ್ಟು ಏಳುತ್ತಿದ್ದಳು. ಡೆಲ್ ತಲೆ ತಗ್ಗಿಸಿ ಉಣ್ಣುತ್ತಿದ್ದ.

ಆ ಬೆಳಗ್ಗೆ ಬಿದ್ದದ್ದು ಬೂದಿಯಲ್ಲ, ಕೆಂಡ.

೨, ಮತ್ತೊಮ್ಮೆ

ಮೇಲಿನ ಭಾಗ ತೀರ ಹಗುರವಾಯಿತು. (ಇಬ್ಬರು ದಪ್ಪ ಗಂಡಸರನ್ನು ಒಂದು ಕಾರಿನಲ್ಲಿ ತುರುಕಿದರೆ ಓದುಗರು ನಗುತ್ತಾರೆಂಬುದು ಬರೆಯುವವರ ಹಳೆಯ ಭರವಸೆ.) ಆದ್ದರಿಂದ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಆ ಹಬ್ಬ ಕಳೆದು ಬಂದ ಫೆಬ್ರವರಿಯಲ್ಲಿ, ಒಂದು ಮೋಟೆಲಿನ ಬಚ್ಚಲಲ್ಲಿ ಡೆಲ್‌ನ ಹೃದಯ ನಿಂತಿತು. ಕುಸ್ತಿ ನಡೆಸುವ ಯಜಮಾನ ಹಾರ್ಲನ್‌ಗೆ, “ವಿಲನ್ ಮಣ್ಣಿಗೆ ಹೋಗೋದುಂಟೇನೋ?” ಎಂದ, ಅವನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ, ಡೆಲ್ ಸತ್ತದ್ದಕ್ಕೆ ನಗು ಎಂದ. ಹಾರ್ಲನ್ ನಕ್ಕ. ಓಪಲ್ ಅದನ್ನು ಟೀವಿಯಲ್ಲಿ ನೋಡಿದಳು.

ಇಲ್ಲಿ ಹಾರ್ಲನ್ ನನ್ನನ್ನು ತಡೆಯುತ್ತಾನೆ.

“ನಕ್ಕ ಅಂತ ಬರೆದು ಕೈ ತೊಳ್ಕೊಂಡ್ಯಲ್ಲ, ಎಷ್ಟು ಹೊತ್ತು ನಕ್ಕೆ ಅಂತ ಬರಿ.”

“ಎಷ್ಟು ಹೊತ್ತು?”

“ಕ್ಯಾಮೆರಾ ಆಫ್ ಮಾಡೋವರೆಗೂ. ಆಫ್ ಮಾಡೋಕೆ ಅವರು ಮರೆತಿದ್ರು.”

೪

(ಮೂರನೆಯದನ್ನು ಕೈಬಿಟ್ಟಿದ್ದೇನೆ. ಅದರಲ್ಲಿ ಬರೀ ಹವಾಮಾನವಿತ್ತು.)

ಈಗ ಆ ಮಹಾಪ್ರದರ್ಶನದ ನಲವತ್ತನೆಯ ವರ್ಷದ ಸಮಾರಂಭ. ಹೋಟೆಲೊಂದರ ಹಾಲ್, ನರೆತ ಅಭಿಮಾನಿಗಳು, ಸಹಿಗಾಗಿ ಸಾಲು. ಒಂದು ಮೇಜಿನ ಮೇಲೆ ಡೆಲ್‌ನ ಬೂಟುಗಳು ಮತ್ತು ಆ ಕೌದಿ. ಮೇಜಿನ ಹಿಂದೆ ಓಪಲ್. ಹಾರ್ಲನ್ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಟೋಪಿ ತೆಗೆದ.

“ಓಪಲ್ ಮ್ಯಾಮ್...”

“ಇಲ್ಲೂ ನಗೋಕೆ ಬಂದ್ಯಾ?”

“ಇಲ್ಲ ಮ್ಯಾಮ್. ಈ ತೂತು... ನೀವು ತೇಪೆ ಹಾಕ್ಲಿಲ್ವಾ?”

“ಯಾಕೆ ಹಾಕ್ಲಿ? ಡೆಲ್ ಸಿಗರೇಟು ಮುಟ್ಟಿದವನಲ್ಲ. ಸೇದೋಳು ಯಾವಳೋ ನನ್ನ ಕೌದಿ ಹೊದ್ದು ಅವನ ಕಾರಲ್ಲಿ ಮಲಗಿದ್ಲು. ಯಾರವಳು ಅಂದೆ. ಬಾಯಿ ಬಿಡ್ಲಿಲ್ಲ. ಬಿಡದೇನೇ ಸತ್ತ.”

ಹಾರ್ಲನ್‌ಗೆ ಇದು ಗೊತ್ತಿರಲಿಲ್ಲ. ಡೆಲ್ ಗುಟ್ಟನ್ನು ಕಾಪಾಡಿದ್ದನೆಂದಷ್ಟೇ ಅವನು ತಿಳಿದಿದ್ದ; ಯಾವ ಬೆಲೆ ತೆತ್ತು ಕಾಪಾಡಿದನೆಂಬುದು ಈಗ, ಮೇಜಿನ ಅಂಚನ್ನು ಹಿಡಿದು ನಿಂತಿರುವಾಗ, ತಿಳಿಯಿತು.

೫

ಮುಕ್ತಾಯಗಳು.

ಅ) ಅವನು ಟೋಪಿ ಹಾಕಿಕೊಂಡು ಹೊರಡುತ್ತಾನೆ. ಓಪಲ್ ಆ ಇಲ್ಲದ ಹೆಂಗಸನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಸಾಯುತ್ತಾಳೆ.

(“ಸುಮ್ನಿರೋದನ್ನ ನಲವತ್ತು ವರ್ಷ ಮಾಡಿದೀನಪ್ಪ,” ಎನ್ನುತ್ತಾನೆ ಹಾರ್ಲನ್. “ಬೇರೇನಾದ್ರೂ ಬರಿ.”)

ಆ) ಅವನು ಹೇಳುತ್ತಾನೆ, ಅವಳು ನಂಬುತ್ತಾಳೆ, ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. ಇದನ್ನು ನಾನು ಬಹಳ ಚೆನ್ನಾಗಿ ಬರೆದಿದ್ದೆ. ಓಪಲ್ ಒಪ್ಪಲಿಲ್ಲ. “ಸುಳ್ಳು ಹೇಳೋದೇ ಇವನ ಹೊಟ್ಟೆಪಾಡು. ಇವನ ಮಾತು ನಂಬ್ತೀನಾ ನಾನು? ನಂಬಿದ್ರೂ, ಈ ಹಾರ್ಲನ್‌ಗೆ ಗೊತ್ತಿದ್ದ ಡೆಲ್, ಕಟ್ಕೊಂಡ ನಂಗೇ ಗೊತ್ತಿರ್ಲಿಲ್ಲ ಅಂತಾಯ್ತು. ಅದಕ್ಕೆ ಅಪ್ಕೊಂಡು ಅಳ್ಬೇಕಾ?”

ಆ ಪುಟವನ್ನೂ ಹರಿದೆ. ಆಗ ಹಾರ್ಲನ್ ಬಾಯಿ ತೆರೆದ.

ಇ) “ಆ ಹೆಂಗಸು ನಾನೇ, ಮ್ಯಾಮ್.”

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಓಪಲ್ ನಗಲಿಲ್ಲ. ಹಾರ್ಲನ್ ಮೇಜಿನಿಂದ ಕೌದಿಯನ್ನು ತೆಗೆದುಕೊಂಡ. ಎರಡೂ ಮಂಡಿಗಳಿಗೆ ಲೋಹ ಕೂರಿಸಿಕೊಂಡಿರುವ ಮುದುಕ, ಕುರ್ಚಿಯೊಂದನ್ನು ಹಿಡಿದು ಇಷ್ಟಿಷ್ಟೇ ಕುಸಿದು, ಜಮಖಾನದ ಮೇಲೆ ಅಂಗಾತ ಮಲಗಿದ. ಹಿಂದಿನ ಸೀಟಿನ ಅಗಲಕ್ಕೆ ಮಂಡಿಗಳನ್ನು ಮಡಚಿದ. ಕೌದಿಯನ್ನು ತಲೆಯ ಮೇಲಿನವರೆಗೆ ಎಳೆದುಕೊಂಡು, ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡ. ಆ ತೂತು ಅವನ ಎರಡು ಬೆರಳುಗಳ ಮೇಲೆ, ಸಿಗರೇಟು ಇರುತ್ತಿದ್ದ ಜಾಗದಲ್ಲಿ, ಬಂದು ನಿಂತಿತು.

ಓಪಲ್ ಮೇಜು ಬಳಸಿ ಬಂದಳು. ಒಂದು ಮಂಡಿ ಊರಿ, ಇನ್ನೊಂದನ್ನು ಊರಿ, ಅವನ ಎದೆಯ ಮೇಲೆ ಬಾಗಿ, ತೂತಿನೊಳಗೆ ಬೆರಳಿಟ್ಟಳು.

ಆಟವಿರಬೇಕೆಂದು ಜನ ತಿಳಿದರು. ಯಾರೋ ಸಂತೋಷದಿಂದ ರೆಫರಿಯಂತೆ ನೆಲಕ್ಕೆ ಬಿದ್ದು ಅಂಗೈ ಬಡಿದರು.

“ಒಂದು!”

ಕೌದಿಯ ಒಳಗಿನಿಂದ ದನಿ ಬಂತು, ಅವಳಿಗೆ ಮಾತ್ರ ಕೇಳುವಷ್ಟು. “ಓಪಲ್ ಕೌದಿ ಮೇಲೆ ಬೂದಿ ಬಿದ್ರೆ ಕೊಲ್ತೀನಿ ಅಂದಿದ್ದ ಡೆಲ್, ಮ್ಯಾಮ್.”

ಅವಳ ಬೆರಳು ಅಲ್ಲಿಯೇ ನಿಂತಿತು.

“ಎರಡು!” ಇಡೀ ಹಾಲ್ ಕೂಗಿತು.

ಮುಂದಿನ ಅಂಕಿ ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಬರೆಯುವುದಿಲ್ಲ. ಎತ್ತಿದ ಅಂಗೈ ಎತ್ತಿದಂತೆಯೇ ಇರಲಿ. ಕೌದಿಯ ಮೇಲೆ ಅವಳ ತೂಕವಿದೆ, ಕೆಳಗೆ ಅವನು ಉಸಿರು ಬಿಗಿಹಿಡಿದಿದ್ದಾನೆ, ಮತ್ತು ಕಾರು ಇನ್ನೂ ಊರು ದಾಟಿಲ್ಲ