ಪರದೆ ಏಳುವ ಮುಂಚಿನ ಏಳು ನಿಮಿಷ

ಟ್ರಯಾಂಗಲ್ಲಿಗೆ ಸದ್ದಿರಲಿಲ್ಲ, ಅಂದರೆ ನನ್ನ ಕಿವಿಯಲ್ಲಿ ಇರಲಿಲ್ಲ, ಕೆಳಗೆ ವೇದಿಕೆಯ ಮುಂದಿನ ಹಳ್ಳದಲ್ಲಿ ನಗಾರಿಯವನು ಅದನ್ನು ಎಡಗೈಯಲ್ಲಿ ತೂಗುಬಿಟ್ಟುಕೊಂಡು ಕಡ್ಡಿಯಿಂದ ಒಂದು ಸಲ ತಟ್ಟಿ ನೋಡಿದ, ಮೂರು ಮೂಲೆಯ ಆ ಕಂಬಿ ಅಲುಗಿದ್ದು ಬಾಲ್ಕನಿಯವರೆಗೂ ಕಂಡಿತು, ಅಷ್ಟೇ, ಕಂಡಿತು — ಮೇಲಿನ ಸ್ವರಗಳು ಮೊದಲು ಹೋಗ್ತವೆ, ಅಂದಿದ್ದರು ಕಿವಿ ಡಾಕ್ಟರು, ಕಾಗದದ ಮೇಲೆ ಮೆಟ್ಟಿಲಿಳಿಯುವ ಗೆರೆ ತೋರಿಸಿ, ಬಲಗಿವಿ ಹೋಗಿದೆ ಅಂತಲೇ ತಿಳ್ಕೊಳ್ಳಿ, ಎಡಗಿವಿಗೆ ಒಂದು ವರ್ಷ, ಹೆಚ್ಚಂದ್ರೆ ಎರಡು, ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳಿಬಿಡಿ, ಹಲ್ಲು ಕೀಳಿಸಿಕೊಳ್ಳುವವನಿಗೆ ಏನಾದರೂ ಕಡಿಯುವುದಿದ್ದರೆ ಕಡಿದುಬಿಡು ಅನ್ನುವ ಹಾಗೆ. ಕೇಳಲಿಕ್ಕೇ ಬಂದಿದ್ದೇನೆ. ಹೇಳಲಿಕ್ಕೂ ಬಂದಿದ್ದೇನೆ, ಮುಂದಿನ ಸಾಲಿನಲ್ಲಿ, ನನ್ನ ಮೊಣಕಾಲಿನ ಎದುರಿಗೇ, ವಾದ್ಯವೃಂದದ ಮ್ಯಾನೇಜರ್ ಕೂತಿದ್ದಾನೆ, ಅವನ ಕೋಟಿನ ಜೇಬಿನಿಂದ ಮಡಿಚಿದ ಹಾಳೆಯ ತುದಿ ಹೊರಗೆ ಇಣುಕುತ್ತಿದೆ, ಅದು ಪಟ್ಟಿ, ನಾನು ನುಡಿಸುತ್ತಿದ್ದ ವಯೋಲದ ಎರಡು ಖಾಲಿ ಕುರ್ಚಿಗೆ ನಾಳೆ ಪರೀಕ್ಷೆ, ಯಾರನ್ನು ಕರೆಯಬೇಕು ಅನ್ನುವ ಪಟ್ಟಿ, ಓವರ್ಚರ್ ಮುಗಿದ ತಕ್ಷಣ ಕೆಳಗೆ ಹೋಗಿ ಬೋರ್ಡಿಗೆ ಅಂಟಿಸ್ತೀನಿ ಸಾರ್, ಅಂದ, ಬಾಗಿಲಲ್ಲಿ ಸಿಕ್ಕಾಗ, ನಾನು ಕೇಳದೆಯೇ. ಅದರಲ್ಲಿ ಗುಂಡುಸೂಜಿಯ ಹೆಸರಿಲ್ಲ, ನನ್ನ ಪಕ್ಕದ ಕುರ್ಚಿಯಲ್ಲಿ ನುಡಿಸುತ್ತಿದ್ದ ಹುಡುಗಿಗೆ ನಾವಿಟ್ಟ ಹೆಸರು ಅದು. ಅವಳೂ ಅರ್ಜಿ ಹಾಕಿದ್ದಳು, ಶಿಸ್ತಿಲ್ಲ ಅನ್ನುವ ಷರಾ ಹೊತ್ತುಕೊಂಡು ವಾಪಸ್ ಬಂತು, ಯಾವ ತಪ್ಪಿಗೆ ಆ ಷರಾ ಬಿತ್ತೋ ಆ ತಪ್ಪು ನನ್ನದು, ನಾನು ಬಾಯಿಬಿಟ್ಟರೆ ಅವಳ ಹೆಸರು ಪಟ್ಟಿಗೆ ಬರುತ್ತದೆ, ಅದು ಅವಳಲ್ಲ, ನಾನು, ಮೂರೇ ಶಬ್ದ, ಮನೆಯಿಂದ ಹೊರಟಾಗಿನಿಂದ ಬಾಯಲ್ಲಿ ಹೊರಳಿಸುತ್ತಿದ್ದೇನೆ. ಓವರ್ಚರ್ ಅಂದ್ರೇನೋ, ಅಂತ ಅಕ್ಕ ಎಡಗಿವಿಯಲ್ಲಿ ಕೇಳಿದಳು, ಬಾಯಲ್ಲಿ ಪೆಪ್ಪರ್‌ಮಿಂಟು, ಪರದೆ ಏಳೋಕೆ ಮುಂಚೆ ಏಳು ನಿಮಿಷ ಬರೀ ವಾದ್ಯ, ಹಾಡೋರು ಇರಲ್ಲ, ಅಂದೆ, ಅಯ್ಯೋ, ಹಾಗಾದ್ರೆ ಏಳು ನಿಮಿಷ ತಡವಾಗಿ ಬರಬಹುದಿತ್ತಲ್ಲೋ, ಬಸ್ಸಲ್ಲಿ ಸೀಟಾದ್ರೂ ಸಿಗ್ತಿತ್ತು. ಅಕ್ಕ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದವಳು, ನಾನು ನುಡಿಸುವುದನ್ನು ಕೇಳಲು ಒಮ್ಮೆಯೂ ಬಂದವಳಲ್ಲ, ಆದರೆ ನನ್ನನ್ನು ಬೀಳ್ಕೊಡುವಾಗ ಕೊಟ್ಟ ಗಾಜಿನ ಫಲಕವನ್ನು ದಿನಾ ಒರೆಸುತ್ತಾಳೆ, ಗ್ಯಾಸಿನವನು ಬಂದರೂ ನಿಲ್ಲಿಸಿ ಓದಿ ಹೇಳುತ್ತಾಳೆ, ಇಪ್ಪತ್ತಾರು ವರ್ಷ, ಒಂದೂ ತಪ್ಪು ಸ್ವರವಿಲ್ಲ, ಮ್ಯಾನೇಜರನದೇ ವಾಕ್ಯ, ಅವನೇ ಕೆತ್ತಿಸಿದ್ದು.

ದೀಪ ಇಳಿಯಿತು, ಕಡ್ಡಿ ಮೇಷ್ಟ್ರು ಬಂದರು — ವಾದ್ಯವೃಂದ ನಡೆಸುವವರಿಗೆ ಹಳ್ಳದೊಳಗಿನ ನಾವು ಇಟ್ಟ ಹೆಸರು, ಎದುರಿಗೆ ಮಾತ್ರ ಸಾರ್ — ಕೈ ಎತ್ತಿದರು, ತೊಡೆಯ ಮೇಲಿದ್ದ ನನ್ನ ಬಲಗೈಯೂ ತಾನಾಗಿ ಎದ್ದಿತು, ನಾಚಿಕೆಗೆಟ್ಟ ಕೈ, ಇನ್ನೂ ಕೆಲಸದಲ್ಲಿದ್ದೇನೆ ಅಂದುಕೊಂಡಿದೆ. ಮೊದಲ ಹೊಡೆತಕ್ಕೆ ಎಲ್ಲ ವಾದ್ಯವೂ ಒಟ್ಟಿಗೆ. ಹಳ್ಳದಲ್ಲಿ ಇದು ಹಿಂದಿನಿಂದ ಬುರುಡೆಗೆ ಬಡಿಯುತ್ತಿತ್ತು, ಬಲಗಿವಿಯಿಂದ ಒಂದು ಮಾರು ಹಿಂದೆ ಟ್ರಂಪೆಟ್ಟಿನ ಬಾಯಿ, ಕಿವಿಗೆ ತುರುಕಿಕೊಳ್ಳಿ ಅಂತ ಹಳದಿ ಸ್ಪಂಜಿನ ಬೆಣೆ ಕೊಟ್ಟಿದ್ದರು, ತುರುಕಿಕೊಂಡರೆ ನನ್ನ ತಂತಿ ನನಗೇ ಕೇಳುತ್ತಿರಲಿಲ್ಲ, ವಾದ್ಯದ ಪೆಟ್ಟಿಗೆಯಲ್ಲೇ ಬಿದ್ದಿರುತ್ತಿತ್ತು, ಬೆಣೆ ಹಾಕ್ಕೊಳ್ಳೋನು ವಾದಕನೇ ಅಲ್ಲ ಅಂತ ಹೊಸಬರಿಗೆ ಬೇರೆ ಜಂಬ ಕೊಚ್ಚುತ್ತಿದ್ದೆ. ಇಲ್ಲಿ, ಮೇಲೆ, ಅದೇ ಹೊಡೆತ ಹೊಡೆತವೇ ಅಲ್ಲ, ಇಡೀ ಸಭಾಂಗಣ ಒಂದು ಸಲ ಉಸಿರೆಳೆದುಕೊಂಡ ಹಾಗೆ, ಎದೆಯ ಗೂಡಿನೊಳಗೆ ಜಾಗ ಆಯಿತು, ಮತ್ತೆ, ಮತ್ತೆ, ಮೂರು ಸಲ, ಆಮೇಲೆ ನಿಧಾನದ ಭಾಗ, ಕ್ಲಾರಿನೆಟ್ ಒಂಟಿಯಾಗಿ ಹಾಡಲು ಶುರುಮಾಡಿತು, ಇದು ಎಲ್ಲಿತ್ತು? ವರ್ಷಕ್ಕೆ ಮೂವತ್ತು ಸಲ ಇದರ ಮಗ್ಗುಲಲ್ಲಿ ಕೂತಿದ್ದೇನೆ, ಇಂಥದೊಂದು ಹಾಡು ಇದರಲ್ಲಿದೆ ಅಂತಲೇ ಗೊತ್ತಿರಲಿಲ್ಲ, ಆ ಹೊತ್ತಿಗೆ ಟ್ರಂಪೆಟ್ಟಿನವನು ಕೊಳವೆಯ ಎಂಜಲು ಕೊಡವುತ್ತಿದ್ದ, ನಾನು ನನ್ನ ಉದ್ದ ಸ್ವರ ಎಳೆಯುತ್ತ ಲೆಕ್ಕ ಹಿಡಿದಿರುತ್ತಿದ್ದೆ, ಒಂದು ಎರಡು ಮೂರು ನಾಲ್ಕು, ಗಾಣದ ಎತ್ತಿಗೆ ಎಣ್ಣೆಯ ರುಚಿ ಎಲ್ಲಿಂದ ಗೊತ್ತಾಗಬೇಕು. ನನಗೆ ನಗು ಬರುತ್ತಿದೆ, ಬಾಯಿ ತೆರೆದೇ ಕೂತಿದ್ದೇನೆ. ನಿಂದು ಯಾವುದೋ ಇದರಲ್ಲಿ, ಅಂದಳು ಅಕ್ಕ. ಅಡಿಯಲ್ಲಿರೋದು, ಪಿಟೀಲಿಗಿಂತ ನಾಲ್ಕು ಬೆರಳು ಉದ್ದ ಇದೆ ನೋಡು, ಅದು. ಕೇಳಿಸ್ತಾನೇ ಇಲ್ವಲ್ಲೋ. ತೆಗೆದ್ರೆ ಗೊತ್ತಾಗುತ್ತೆ ಅಕ್ಕ, ಅಂದೆ, ಅಂದಮೇಲೆ ಕೆಳಗೆ ನೋಡಿದೆ, ತೆಗೆದಿದ್ದಾರೆ, ಇಬ್ಬರಿಗೊಂದರಂತೆ ಸ್ವರದ ಹಾಳೆ ಇಡುವ ಸ್ಟ್ಯಾಂಡುಗಳಲ್ಲಿ ವಯೋಲದ ಮೂರನೆಯದರ ಎರಡೂ ಕುರ್ಚಿ ಖಾಲಿ, ನನ್ನದು ಒಂದು, ಗುಂಡುಸೂಜಿಯದು ಒಂದು, ಯಾರಿಗೂ ಏನೂ ಗೊತ್ತಾಗುತ್ತಿಲ್ಲ. ಹೊರಗಿಂದ ಒಂದು ಸಲ ಕೂತು ಕೇಳಿ ದೊಡ್ಡಪ್ಪ, ಅಂದಿದ್ದು ಅವಳೇ, ಸಂಬಂಧವೇನಿಲ್ಲ, ನನ್ನನ್ನು ಕರೆಯುವುದೇ ಹಾಗೆ, ಮೂರು ವಾರದ ಹಿಂದೆ, ಕನ್ನಡಕದ ಅಂಗಡಿಯಲ್ಲಿ, ನಾನು ಕನ್ನಡಕದ ಕಾಲು ಸಡಿಲ ಆಯಿತು ಅಂತ ಹೋದರೆ ಗಲ್ಲಾದ ಆಚೆ ಅವಳು, ಈಗ ಅಲ್ಲಿ ಕೆಲಸ, ಸಾಸಿವೆಯಷ್ಟು ಸ್ಕ್ರೂವನ್ನು ಆ ಸಣ್ಣ ಬೆರಳಲ್ಲಿ ತಿರುಗಿಸುತ್ತ, ಮಾತಾಡುವ ಮೊದಲು ನನ್ನ ಎಡಗಡೆಗೆ ಬಂದು ನಿಂತಳು, ಯಾರೂ ಹೇಳಿಕೊಡದೆ. ಅರ್ಜಿ ವಾಪಸ್ ಬಂತು ದೊಡ್ಡಪ್ಪ. ಯಾಕಂತೆ, ಅಂದೆ. ನಾನು. ಯಾಕಂತೆ ಅಂತ ನಾನು ಕೇಳಿದೆ. ಅವಳು ಕನ್ನಡಕವನ್ನು ಬೆಳಕಿಗೆ ಹಿಡಿದು ಒರೆಸಿದಳು, ನನ್ನ ಮೂಗಿನ ಮೇಲೆ ಕೂರಿಸಿದಳು, ಈಗ ಸರಿಯಾಗಿ ಕಾಣ್ತಿದೆಯಾ, ಅಂದಳು, ಆಮೇಲೇ ಹೊರಗಿಂದ ಕೇಳುವ ಮಾತು, ನಾವು ಅಲ್ಲಿ ಕೂತು ಏನ್ ಮಾಡ್ತಿದ್ವಿ ಅಂತ ಆಗ ಗೊತ್ತಾಗುತ್ತೆ ನಿಮಗೆ.

ಗೊತ್ತಾಗುತ್ತಿದೆ, ಈಗ ವೇಗದ ಭಾಗ, ಪಿಸುದನಿಯಲ್ಲಿ ಶುರು, ಪಿಟೀಲುಗಳು ಇಲಿ ಓಡಿದ ಹಾಗೆ, ಅಡಿಯಲ್ಲಿ ವಯೋಲ ಟಿಕಟಿಕಟಿಕ ಒಂದೇ ಸ್ವರ, ಕಮಾನಿನ ಎರಡಂಗುಲ ಜಾಗದಲ್ಲಿ ಇನ್ನೂರು ಸಲ, ಮಣಿಕಟ್ಟು ಸೆಟೆದುಕೊಳ್ಳುವ ಕತ್ತೆದುಡಿಮೆ, ನಾನು ಅದನ್ನು ದ್ವೇಷಿಸುತ್ತಿದ್ದೆ, ಗುಂಡುಸೂಜಿಗೆ ಅದೇ ಇಷ್ಟ, ದೊಡ್ಡಪ್ಪ, ಇದು ರೈಲಿನ ಚಕ್ರ ಕಣ್ರೀ, ಅನ್ನುತ್ತಿದ್ದಳು, ಚಕ್ರಕ್ಕೆ ಕಿಟಕಿ ಸೀಟು ಸಿಗಲ್ಲ ಬಿಡಮ್ಮ, ಅನ್ನುತ್ತಿದ್ದೆ. ಈಗ ಕಿಟಕಿಯಲ್ಲಿ ಕೂತಿದ್ದೇನೆ, ಚಕ್ರ ಇಲ್ಲದಿದ್ದರೆ ಯಾವುದೂ ಕದಲುವುದಿಲ್ಲ, ಪಿಟೀಲು ಹಾರುವುದು ಅದರ ಬೆನ್ನ ಮೇಲಿಂದ, ಹಾರ್ನುಗಳು ಬಂದವು, ಚೆಲ್ಲೊಗಳು ಬಂದವು, ಸ್ವಲ್ಪ ಜೋರಾಗಿ, ಇನ್ನೂ ಸ್ವಲ್ಪ, ಯಾರೂ ಅವಸರ ಮಾಡುತ್ತಿಲ್ಲ, ಕಾದ ಹಾಲು ಪಾತ್ರೆಯ ಅಂಚಿಗೆ ಏರುವ ಹಾಗೆ ಏರುತ್ತಿದೆ, ಪಿಕೊಲೊ ಅನ್ನುವ ಗಿಡ್ಡ ಕೊಳಲಿನವನ ಬೆರಳುಗಳು ಕುಣಿಯುತ್ತಿವೆ, ನನಗೆ ಸದ್ದಿಲ್ಲ, ಇರಲಿ, ಅದಿಲ್ಲದೆಯೂ ಇಷ್ಟಿದೆ, ನನ್ನ ಎಡಗೈ ಬೆರಳುಗಳು ಕುರ್ಚಿಯ ಕೈ ಅಂತ ತಿಳಿದು ಅಕ್ಕನ ಮುಂಗೈ ಮೇಲೆ ನುಡಿಸುತ್ತಿವೆ, ತೆಗಿಯೋ, ಕಚಗುಳಿ ಆಗುತ್ತೆ, ಅಂದಳು. ಐವತ್ತೆಂಟು ವರ್ಷಕ್ಕೆ ಇಷ್ಟು ಸಂತೋಷ ಆಗಬಾರದು, ಅದೂ ನನಗೆ. ನನ್ನ ಕಿವಿ ಮಂದವಾದದ್ದನ್ನು ಮೊದಲು ಹಿಡಿದವಳು ಗುಂಡುಸೂಜಿ, ಒಂದು ವರ್ಷದ ಪ್ರೊಬೇಷನ್ ಮೇಲೆ ಸೇರಿದ್ದಳು, ಬಂದ ಎರಡನೇ ತಿಂಗಳಿಗೇ ಗೊತ್ತಾಗಿತ್ತು, ಯಾರಿಗೂ ಹೇಳಲಿಲ್ಲ, ನಾನು ಸೇರಬೇಕಾದ ಜಾಗ ಬಂದಾಗ ಮೊಣಕಾಲಿಂದ ನನ್ನ ಮೊಣಕಾಲನ್ನು ಮುಟ್ಟುತ್ತಿದ್ದಳು, ಎಣಿಸ್ತಿದೀರೋ ನಿದ್ದೆ ಮಾಡ್ತಿದೀರೋ ದೊಡ್ಡಪ್ಪ, ಅಂತ ತಮಾಷೆ ಬೇರೆ, ಎಂಟು ತಿಂಗಳು ಅವಳ ಮೊಣಕಾಲೇ ನನ್ನ ಬಲಗಿವಿ. ಆ ತಪ್ಪು ನಡೆದ ದಿನ, ಇದೇ ಓವರ್ಚರ್ ನುಡಿಸುವ ಮುಂಚೆ ಕಡ್ಡಿ ಮೇಷ್ಟ್ರು ಮೆಲ್ಲಗೆ ಏನೋ ಹೇಳಿದರು, ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ, ಕೇಳಿಸದವನು ಎಲ್ಲದಕ್ಕೂ ತಲೆಯಾಡಿಸುತ್ತಾನೆ, ಅವರು ಹೇಳಿದ್ದು ಇಷ್ಟು, ನನಗೆ ಆಮೇಲೆ ತಿಳಿದದ್ದು, ಇವತ್ತು ಆ ಮೌನವನ್ನು ಉದ್ದ ಮಾಡ್ತೀನಿ, ಎಣಿಸಬೇಡಿ, ನನ್ನ ಕೈ ನೋಡಿ. ಇಗೋ ಅದೇ ಜಾಗ ಬರುತ್ತಿದೆ, ಹಾಲು ಉಕ್ಕಿತು, ಎಲ್ಲರೂ ಒಟ್ಟಿಗೆ, ನಗಾರಿ ಗುಡುಗಿತು, ತಟ್ಟನೆ ನಿಂತಿತು — ಮೌನ, ಸಾವಿರ ಜನ ಕೂತಿರುವ ಜಾಗದಲ್ಲಿ ಒಬ್ಬರೂ ಕೆಮ್ಮುತ್ತಿಲ್ಲ, ಆವತ್ತು ನಾನು ತಲೆ ತಗ್ಗಿಸಿಕೊಂಡು ಒಂದು ಎರಡು ಮೂರು ನಾಲ್ಕು ಎಣಿಸಿದೆ, ನುಡಿಸಿದೆ. ಒಬ್ಬನೇ. ಒಂದು ಸ್ವರ, ಉದ್ದ, ದಪ್ಪ, ಆ ಮೌನದ ನಟ್ಟನಡುವೆ. ತಲೆ ಎತ್ತಿದಾಗ ಪಕ್ಕದಲ್ಲಿ ಅವಳ ಕಮಾನು ಗಾಳಿಯಲ್ಲಿ, ತಂತಿಗಿಂತ ನಾಲ್ಕು ಬೆರಳು ಮೇಲೆ, ಅಲುಗದೆ, ಅವಳು ಸರಿಯಾಗಿ ನಿಲ್ಲಿಸಿ ಹಿಡಿದಿದ್ದಳು, ಅವಳ ಮೊಣಕಾಲು ನನ್ನನ್ನು ಮುಟ್ಟಿರಲೇ ಇಲ್ಲ. ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಮೇಷ್ಟ್ರು ನಮ್ಮಿಬ್ಬರ ಎದುರು ನಿಂತರು, ಮೂರನೇ ಸ್ಟ್ಯಾಂಡು, ಅಂದರು, ನನ್ನ ಬಿಳಿ ತಲೆ ನೋಡಿದರು, ಅವಳ ಕಡೆ ತಿರುಗಿದರು, ಏನಮ್ಮ, ಎಣಿಸೋಕೆ ಬರಲ್ವಾ ನಿಂಗೆ? ಅವಳು ನನ್ನ ಕಡೆ ನೋಡಿದಳು, ಒಂದು ಸಲ, ಎರಡನೆಯ ಸಲ ಇಲ್ಲ, ನಾನು ಬಟ್ಟೆ ತೆಗೆದುಕೊಂಡು ತಂತಿ ಒರೆಸುತ್ತಿದ್ದೆ, ಒರೆಸಿದ ತಂತಿಯನ್ನೇ ಮತ್ತೆ ಒರೆಸುತ್ತಿದ್ದೆ. ಬರುತ್ತೆ ಸಾರ್, ಅಂದಳು. ಅಷ್ಟೇ ಅಂದಿದ್ದು. ಮುಂದಿನ ತಿಂಗಳು ಅವಳನ್ನು ಕಾಯಂ ಮಾಡಲಿಲ್ಲ, ಅದಾಗಿ ನಾಲ್ಕು ತಿಂಗಳಿಗೆ ನಾನು ಕಿವಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ, ನನಗೆ ಫಲಕ ಕೊಟ್ಟರು.

ಮೌನ ಇನ್ನೂ ಮುಗಿದಿಲ್ಲ, ಇಷ್ಟು ಉದ್ದವಾ ಇದು, ಇದು ಖಾಲಿ ಅಲ್ಲ, ಆಗಷ್ಟೇ ನಿಂತ ಸದ್ದು ಛಾವಣಿಯಲ್ಲಿ ಸುತ್ತಿ ಕೆಳಗಿಳಿಯುತ್ತಿದೆ, ಇಡೀ ಏಳು ನಿಮಿಷ ಕಟ್ಟಿದ್ದು ಈ ಜಾಗಕ್ಕೇ, ಇದನ್ನು ನಾನು ಕೆಡಿಸಿದೆ, ಇದನ್ನು ಅವಳು ಕಮಾನು ಎತ್ತಿ ಹಿಡಿದು ಕಾದಿದ್ದಳು, ಕಣ್ಣಲ್ಲಿ ನೀರು ಬಂತು, ಒರೆಸಲಿಲ್ಲ, ಹೇಳುತ್ತೇನೆ, ಮುಗಿದ ಕೂಡಲೇ ಮ್ಯಾನೇಜರನ ಭುಜ ತಟ್ಟುತ್ತೇನೆ, ಫಲಕ ಬೇಕಾದರೆ ವಾಪಸ್ ತಗೊಳ್ಳಲಿ, ಅಕ್ಕನಿಗೆ ಮನೆಯಲ್ಲಿ ಹೇಳಿದರಾಯಿತು — ಮೆಲ್ಲನೆ ಎಲ್ಲರೂ ಸೇರಿದರು, ಒಬ್ಬರೂ ಮುಂಚೆ ಬರಲಿಲ್ಲ, ಆಮೇಲೆ ಓಟ, ಕೊನೆಯ ಓಟ, ಕುರ್ಚಿಯ ಹಲಗೆ ನಡುಗಿತು, ನಾನೂ ನಡುಗಿದೆ, ಮುಗಿಯಿತು, ಚಪ್ಪಾಳೆ, ಅಕ್ಕ ಕೂಡ ಚಪ್ಪಾಳೆ ಹೊಡೆಯುತ್ತಿದ್ದಾಳೆ, ಪರವಾಗಿಲ್ಲ ಕಣೋ, ಏಳು ನಿಮಿಷ ಹೋಗಿದ್ದೇ ಗೊತ್ತಾಗಲಿಲ್ಲ. ಮ್ಯಾನೇಜರ್ ಏಳುತ್ತ ನನ್ನ ಕಡೆ ತಿರುಗಿದ, ನಾನು ಅವನ ಭುಜ ತಟ್ಟಬೇಕಾಗಲಿಲ್ಲ, ಅವನೇ ನನ್ನ ಭುಜದ ಮೇಲೆ ಕೈಯಿಟ್ಟ, ಬಗ್ಗಿದ, ಎಡಗಡೆಗೆ. ಹೇಗಿತ್ತು ಸಾರ್ ಮೇಲಿಂದ? ಇವತ್ತು ಮೌನ ಮೌನವಾಗೇ ಇತ್ತು ನೋಡಿ, ನಿಮ್ಮ ಗುಂಡುಸೂಜಿ ಇದ್ದಿದ್ರೆ ಅದರಲ್ಲೂ ಚುಚ್ಚಿಬಿಡ್ತಿದ್ಳು, ಅಲ್ವಾ? ಕೇಳಿಸಿತು, ಒಂದೊಂದು ಅಕ್ಷರವೂ ಕೇಳಿಸಿತು, ತಪ್ಪನ್ನು ಕಿವಿಯ ಮೇಲೆ ಹೊರಿಸುವ ಹಾಗಿಲ್ಲ, ಎಡಗಿವಿ ನೆಟ್ಟಗೇ ಇತ್ತು, ಮೂರು ಶಬ್ದ ನಾಲಗೆಯ ತುದಿಯಲ್ಲೇ ಇದ್ದವು, ಅಕ್ಕ ನನ್ನ ಮುಖ ನೋಡುತ್ತಿದ್ದಳು, ಇಪ್ಪತ್ತಾರು ವರ್ಷ ಒಂದೂ ತಪ್ಪು ಸ್ವರ ಇಲ್ಲದ ತಮ್ಮನ ಮುಖ, ನಾನು ನಕ್ಕೆ. ಸಣ್ಣಗಲ್ಲ, ಹಹ್ಹ ಅಂತ. ಅಕ್ಕನೂ ನಕ್ಕಳು, ಏನು ಎತ್ತ ಅಂತ ಗೊತ್ತಿಲ್ಲದೆ, ಬರ್ತೀನಿ ಸಾರ್, ಇದೊಂದು ಅಂಟಿಸಿಬಿಡ್ತೀನಿ, ಅಂತ ಅವನು ಜೇಬು ಮುಟ್ಟಿಕೊಂಡು ನಡೆದ, ಬಾಗಿಲವರೆಗೆ ಹದಿಮೂರು ಮೆಟ್ಟಿಲು, ನಾನು ಅರ್ಧ ಎದ್ದೆ, ಎಲ್ಲಿಗೋ, ಈಗ ತಾನೇ ಪರದೆ ಏಳ್ತಿದೆ, ಕೂತ್ಕೋ, ಅಕ್ಕ ತೋಳು ಹಿಡಿದಳು, ಮೆತ್ತಗೆ ಹಿಡಿದಿದ್ದಳು, ಬಿಡಿಸಿಕೊಳ್ಳಬಹುದಿತ್ತು, ಕೂತೆ. ಬಾಗಿಲು ತೆರೆದು ಒಂದು ಗೆರೆ ಬೆಳಕು ಬಂತು, ಮುಚ್ಚಿತು, ವೇದಿಕೆಯ ಮೇಲೆ ಯಾರೋ ಹಾಡುತ್ತಿದ್ದಾರೆ, ಬಾಯಿ ಕಾಣುತ್ತಿದೆ, ನಾನು ಕೇಳುತ್ತಿಲ್ಲ, ಅವಳ ಕಮಾನು ಗಾಳಿಯಲ್ಲಿ, ತಂತಿಗಿಂತ ನಾಲ್ಕು ಬೆರಳು ಮೇಲೆ, ಅಲುಗದೆ, ಅವಳ ಕಮಾನು ಗಾಳಿಯಲ್ಲಿ. ಹೋದದ್ದು ಒಂದು ಕುರ್ಚಿ, ಹನ್ನೊಂದು ತಿಂಗಳ ಕೆಲಸ, ಹದಿನೆಂಟು ವರ್ಷದ ಅಭ್ಯಾಸ, ಇವತ್ತು ಪಟ್ಟಿಯಿಂದ ಒಂದು ಹೆಸರು. ಎಲ್ಲವೂ ಅವಳದೇ.