ಮಿಂಚೋನ ಹೆಸರಿನ ಬಾಟಲಿ

ಮಿಂಚೋನ ಅಪ್ಪ ಕರುಳಿನ ಕ್ಯಾನ್ಸರಿನಲ್ಲಿ ನವೆದು ನವೆದು ಸತ್ತಿದ್ದ. ಅಂದಿನಿಂದ ಆಸ್ಪತ್ರೆ ಎಂದರೆ ಮಿಂಚೋಗೆ ಮೈಯೆಲ್ಲ ಮುಳ್ಳು. ಕೊಳವೆ ಹಾಕಿಸಿ ಒಮ್ಮೆ ಕರುಳು ತೋರಿಸಿಕೋ ಎಂದು ಹೆಂಡತಿ ಕೆರಾನಾ ಹತ್ತು ವರ್ಷ ಗೋಗರೆದರೂ ಆಸಾಮಿ ಜಗ್ಗಿರಲಿಲ್ಲ. ಹೀಗಿರುವಾಗ ಊರಿನ ಡಾಕ್ಟರಮ್ಮ ಇಬ್ಬರಿಗೂ ಒಂದೊಂದು ಪುಟ್ಟ ಬಾಟಲಿ ಕೊಟ್ಟರು. ಪ್ಲೊವ್ದಿವ್ ನಗರದ ದೊಡ್ಡಾಸ್ಪತ್ರೆಯಲ್ಲಿ ಹೊಸ ಪರೀಕ್ಷೆಯೊಂದರ ಪ್ರಯೋಗ ನಡೆದಿದೆಯಂತೆ. ಉಚ್ಚೆಯಲ್ಲಿರುವ ರಾಸಾಯನಿಕಗಳ ಗುರುತು ಹಿಡಿದು ಕರುಳಿನ ಸುದ್ದಿ ಹೇಳುತ್ತಾರಂತೆ.

"ಉಚ್ಚೆ ಕೊಡೋಕೂ ನಾಚಿಕೆಯಾ ನಿಂಗೆ?" ಎಂದಳು ಕೆರಾನಾ.

"ನಾಚಿಕೆ ಅಲ್ಲ ಕಣೇ. ಅದು ಬಾಯಿಬಿಟ್ಟು ಏನಾದ್ರೂ ಹೇಳ್ಬಿಟ್ರೆ?" ಎಂದವನು ಪ್ಲಮ್ ಹಣ್ಣಿನ ಬುಟ್ಟಿ ಎತ್ತಿಕೊಂಡು ಸಾರಾಯಿ ಭಟ್ಟಿಯ ಕಡೆ ನಡೆದುಬಿಟ್ಟ.

ಮಾರನೆಯ ಬೆಳಿಗ್ಗೆ ಅವನು ಗೊಣಗುತ್ತಲೇ ತನ್ನ ಬಾಟಲಿ ತುಂಬಿಸಿಟ್ಟುಹೋದ. ಕೆರಾನಾ ಅದನ್ನು ಚೆಲ್ಲಿ ಎರಡೂ ಬಾಟಲಿಗಳನ್ನು ತಾನೇ ತುಂಬಿಸಿದಳು. ತಾನು ಗುಂಡುಕಲ್ಲಿನಂತಿದ್ದೇನೆ, ಏನೂ ಇಲ್ಲವೆಂಬ ಕಾಗದ ಅವನ ಹೆಸರಿಗೂ ಬರಲಿ, ಮುದುಕ ಇನ್ನಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂಬುದು ಅವಳ ಲೆಕ್ಕ.

ಮೂರು ವಾರ ಕಳೆದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕರೆಸಿದರು.

"ಇಬ್ಬರದ್ರಲ್ಲೂ ಗುರುತು ಹೆಚ್ಚಿದೆ. ಹಾಗಂತ ಕ್ಯಾನ್ಸರೇ ಅಂತಲ್ಲ. ಆದ್ರೆ ಕೊಳವೆ ಹಾಕಿ ನೋಡ್ಲೇಬೇಕು. ಗುರುವಾರ ಪ್ಲೊವ್ದಿವ್‌ಗೆ ಹೋಗಿ."

ಕೆರಾನಾ ಮೇಜಿನ ಮೇಲಿದ್ದ ಎರಡು ಕಾಗದಗಳನ್ನೂ ನೋಡಿದಳು. ಎರಡೂ ತನ್ನವೇ. ಪಕ್ಕದಲ್ಲಿ ಮಿಂಚೋ ಮಾತ್ರ ಹೊರೆ ಇಳಿಸಿದವನಂತೆ "ಆಯ್ತು, ಹೋಗ್ತೀವಿ" ಎಂದ. ಕೆರಾನಾ ಲೆಕ್ಕ ಹಾಕಿದಳು. ನಿಜ ಹೇಳಿದರೆ ಇವನು ಮತ್ತೆ ಭಟ್ಟಿಮನೆ ಸೇರುತ್ತಾನೆ. ಹೇಳದಿದ್ದರೆ, ಹತ್ತು ವರ್ಷ ಬೇಡಿಕೊಂಡದ್ದು ತಾನಾಗಿಯೇ ನಡೆಯುತ್ತದೆ.

ಗುರುವಾರ ಹೊರಟಾಗ, ಹೋದ ಕೆಲಸ ನೀರು ಹರಿದಷ್ಟು ಸಲೀಸಾಗಲೆಂದು ನೆರೆಯವಳು ಅವರ ಹೊಸ್ತಿಲಿಗೆ ಒಂದು ಚೊಂಬು ನೀರು ಚೆಲ್ಲಿದಳು. ಬಸ್ಸಿನಲ್ಲಿ ಮಿಂಚೋನ ಬಾಯಿಗೆ ಬಿಡುವೇ ಇರಲಿಲ್ಲ.

"ನಾನು ಸತ್ಮೇಲೆ ಭಟ್ಟಿ ತಮ್ಮನಿಗೆ ಕೊಟ್ಬಿಡು. ಆಡು ಮಾರ್ಬೇಡ. ಆ ಸಾರಾಯಿ ಮೂಗಿನ ಅಂಚೆಯವನನ್ನ ಮಾತ್ರ ಕಟ್ಕೋಬೇಡ."

"ಥೂ, ಬಾಯಿ ಮುಚ್ಚು."

"ನೀನ್ಯಾಕೆ ಬೆವರ್ತೀಯ? ಇದು ನಮ್ಮ ವಂಶದ ಕಾಯಿಲೆ. ನಿಂಗೇನೂ ಇರಲ್ಲ ಬಿಡು." ಅವನು ಅವಳ ಮಂಡಿಯನ್ನು ಮೆಲ್ಲಗೆ ತಟ್ಟಿದ.

ಆ ತಟ್ಟನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. "ಎರಡೂ ಬಾಟಲೀಲಿ ಇದ್ದದ್ದು ನಂದೇ," ಎಂದಳು.

ಮಿಂಚೋ ಅವಳ ಮಂಡಿಯ ಮೇಲಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಮುಂದಿನ ಊರು ಬಂತು, ಬಸ್ಸು ನಿಂತಿತು. ಎದುರಿಗೇ ವಾಪಸು ಹೋಗುವ ಬಸ್ಸು. ಅವನು ಟೋಪಿ ತಲೆಗಿಟ್ಟು ಎದ್ದುನಿಂತ. ಕೆರಾನಾ ಮುಖ ಕಿಟಕಿಯತ್ತ ತಿರುಗಿಸಿಕೊಂಡಳು. ಹೋಗಬೇಡ ಎನ್ನುವ ಹಕ್ಕು ತನಗೆಲ್ಲಿಂದ ಬರಬೇಕು?

ಬಾಗಿಲು ಹಾಕಿಕೊಂಡಿತು. ಬಸ್ಸು ಹೊರಟಿತು. ಪಕ್ಕದ ಸೀಟು ಕಿರುಗುಟ್ಟಿತು.

"ಅಂದ್ರೆ ನಂದನ್ನ ಯಾರೂ ನೋಡೇ ಇಲ್ಲ."

"ಇಲ್ಲ."

"ಕಳ್ಳಿ. ಎರಡು ಬಾಟಲಿ ತುಂಬಿಸ್ದೆ ಸರಿ, ಆಸ್ಪತ್ರೇಲಿ ಎರಡು ಮಂಚದ ಮೇಲೆ ಒಬ್ಳೇ ಹೆಂಗೆ ಮಲಗ್ತೀಯ?"

ಬೈಯುತ್ತಲೇ ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕೆರಾನಾ ಅವನಿಗೆ ಜಾಗವಾಗಲೆಂದು ಕಿಟಕಿಯತ್ತ ಸ್ವಲ್ಪ ಸರಿದು ಕೂತಳು.