ತರಕಾರಿ ರೇಟು

“ಸೋಬಾನೆ ಹಾಕಲೇ ಅಂದ್ರೆ ಯಾರದೋ ಮನೆ ಹೆಣ್ಣುಮಗಳ ಅಳು ಹಾಕ್ತೀಯೇನಲೇ? ಹೆಂಗಸರ ಗೋಳು ಮೊಬೈಲ್‌ನಾಗೆ ತುಂಬ್ಕೊಂಡು ಊರೂರು ತಿರುಗೋ ನಾಯಿ! ಸಣ್ಣವನಿದ್ದಾಗ ಹೆತ್ತೋರು ನಾಲ್ಕು ಬಿಗಿದಿದ್ರೆ ಹಿಂಗಾಗ್ತಿರ್ಲಿಲ್ಲ ನೀನು.”

ಹಾಲೇಶಪ್ಪ ಇದನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ. ತ್ಯಾವಣಿಗೆಯ ಮರುಳಪ್ಪನವರ ಮನೆ ಮುಂದಿನ ಶಾಮಿಯಾನದಲ್ಲಿ, ಸೊಸೆ ರೂಪಶ್ರೀಯ ಸೀಮಂತಕ್ಕೆ ಬಂದು ಕೂತ ಬೀಗರು ಬಿಜ್ಜರು, ಓಣಿಯ ಹೆಂಗಸರು, ಹಿಂದೆ ಬಾಳೆಲೆ ತೊಳೆಯುತ್ತಿದ್ದವರು ಎಲ್ಲರಿಗೂ ಕೇಳುವಂತೆ ಎದ್ದು ನಿಂತು ಹೇಳಿದ. ಅವನು ಹುಡುಗಿಯ ಚಿಕ್ಕಪ್ಪ. ತಂದೆಯಿಲ್ಲದವಳನ್ನು ಸಾಕಿ ಮದುವೆ ಮಾಡಿಕೊಟ್ಟ ದೊಡ್ಡ ಮನುಷ್ಯನೆಂದು ನ್ಯಾಮತಿ ಕಡೆ ಹೆಸರಿತ್ತು. ಹೆಗಲ ಮೇಲಿನ ಹೊಸ ಟವೆಲ್ಲು ಜಾರಿ ಬಿದ್ದದ್ದೂ ಅವನ ಗಮನಕ್ಕೆ ಬಂದಿರಲಿಲ್ಲ.

ತಿಪ್ಪೇರುದ್ರ ಆಂಪ್ಲಿಫೈಯರಿನ ಪಕ್ಕ ನಿಂತಿದ್ದ. ಒಂದು ಕೈಯಲ್ಲಿ ಕಿತ್ತ ವೈರು ಮತ್ತು ಮೊಬೈಲು, ಇನ್ನೊಂದರಲ್ಲಿ ಮೈಕು. ಮೈಕ್ ಸೆಟ್ಟು ಅವನ ಸ್ವಂತದ್ದು. ನಾಲ್ಕು ಬಿಗಿಯುವ ವಿಚಾರದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಜಗಳೂರು ಕಡೆಯ ಹಳ್ಳಿಯಲ್ಲಿ ಅವನಪ್ಪ ಎತ್ತಿಗೆ ಬೀಸಿದ ಬಾರುಕೋಲನ್ನು ಗೋಡೆಗೆ ಒರಗಿಸುವ ಮೊದಲು ಮಗನಿಗೂ ಬೀಸುತ್ತಿದ್ದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಓದು ತಲೆಗೆ ಹತ್ತದೆ ಅಲ್ಲ, ಬೆಂಚಿನ ಮೇಲೆ ಕುಂಡಿ ಊರಲಾಗದೆ.

“ನಿನ್ನನ್ನೇ ಕೇಳ್ತಿರೋದು. ಯಾರದ್ದಲೇ ಆ ದನಿ?”

ಆ ದನಿ ಅವನ ವಾಟ್ಸಾಪ್ ಗುಂಪಿನದು. ಗುಂಪಿಗೆ ಅವನಿಟ್ಟ ಹೆಸರು ‘ತರಕಾರಿ ರೇಟು’. ನಗುವವರು ನಗಲಿ. ಗಂಡನೋ ಮೈದುನನೋ ಅತ್ತೆಯೋ ಮೊಬೈಲು ಕಿತ್ತುಕೊಂಡು ನೋಡುವ ಮನೆಗಳಿವು. ಇಲ್ಲಿ ‘ನೊಂದವರ ಬಳಗ’ ಅಂತ ಹೆಸರಿಟ್ಟರೆ ನೊಂದವರಿಗೆ ಇನ್ನೆರಡು ಬೀಳುತ್ತವೆ, ಅಷ್ಟೇ. ದಿನಾ ಬೆಳಿಗ್ಗೆ ಅವನು ಟೊಮೆಟೊ, ಬೀನ್ಸು, ಈರುಳ್ಳಿಯ ರೇಟು ಹಾಕುತ್ತಿದ್ದ. ಸುಳ್ಳು ರೇಟಲ್ಲ, ದಾವಣಗೆರೆ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಗೆಳೆಯನನ್ನು ಕೇಳಿ ಹಾಕುವ ನಿಜವಾದ ರೇಟು. ಅದರ ಕೆಳಗೆ ಒಂದೊಂದಾಗಿ, ಮನೆಯವರಿಂದಲೇ ಪೆಟ್ಟು ತಿಂದವರ ದನಿಗಳು ಬರುತ್ತಿದ್ದವು.

ಅದು ಶುರುವಾದದ್ದು ಚನ್ನಗಿರಿಯ ಸರ್ಕಾರಿ ಆಸ್ಪತ್ರೆಯ ಒಂದು ಬೆಂಚಿನ ಮೇಲೆ. ಅಲ್ಲಿನ ಒಂದು ಕೋಣೆಯಲ್ಲಿ ಅನಿತಾ ಮೇಡಂ ಎಂಬ ಆಪ್ತಸಮಾಲೋಚಕಿ ಬಂದು ಕೂರುತ್ತಿದ್ದರು. ಮೈಕ್ ಸೆಟ್ಟಿನ ಬಾಡಿಗೆ ಚೌಕಾಸಿ ಮಾಡಿದವನ ಮೂಗು ಒಡೆದು, ಪೊಲೀಸರಿಂದ ಬೈಸಿಕೊಂಡು ಬಂದ ತಿಪ್ಪೇರುದ್ರನಿಗೆ ಅವರು ಹೇಳಿದ್ದರು: “ಒಂದು ಸಲ ಬಿದ್ದ ಪೆಟ್ಟು ಬೇರೆ ಕಣಪ್ಪ. ಮನೆಯಲ್ಲೇ, ಮನೆಯವರಿಂದಲೇ, ವರ್ಷಗಟ್ಟಲೆ ಬಿದ್ದದ್ದು ಬೇರೆ. ಮೈ ವಾಸಿಯಾದರೂ ಅದು ಒಳಗೆ ಕೂತಿರುತ್ತೆ. ಅದು ನಿನ್ನ ಸೊಕ್ಕಲ್ಲ, ಗಾಯ.” ಇಪ್ಪತ್ತು ದಾಟಿದ ಮೇಲೆ ಮೊದಲ ಸಲ ಒಬ್ಬರು ಅವನಿಗೆ ಸೊಕ್ಕಿಲ್ಲ ಅಂದಿದ್ದರು. ಆಮೇಲೆ ಅವರಿಗೆ ವರ್ಗವಾಯಿತು. ಹೊರಗೆ ಸರದಿಗೆ ಕಾಯುತ್ತಿದ್ದವರು ಬೀಗ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಪ್ಪೇರುದ್ರ ಎಲ್ಲರ ನಂಬರು ಕೇಳಿದ. ಈಗ ಗುಂಪಿನಲ್ಲಿ ಹೊನ್ನಾಳಿಯ ಬಸ್ ಡ್ರೈವರಿದ್ದಾರೆ, ಜಗಳೂರಿನ ಅಂಗನವಾಡಿ ಟೀಚರಿದ್ದಾರೆ, ಮೊಮ್ಮಗಳ ಮೊಬೈಲಿನಲ್ಲಿ ಮಾತಾಡುವ ಅಜ್ಜಿಯೊಬ್ಬಳಿದ್ದಾಳೆ. ಹೆಸರು, ಊರು ಯಾರೂ ಕೇಳುವಂತಿಲ್ಲ.

‘ಹೋಗ್ಲಿ ಬಿಡು, ಆಗಿದ್ದಾತು’ ಅಂದವರನ್ನು ಅವನು ಆ ಕ್ಷಣವೇ ತೆಗೆದುಹಾಕುತ್ತಿದ್ದ. ‘ನೀನೇನು ತಪ್ಪು ಮಾಡಿದ್ದೆ?’ ಎಂದು ಕೇಳಿದವನಿಗಂತೂ ತೆಗೆಯುವ ಮುಂಚೆ ಮುತ್ತಜ್ಜನವರೆಗೂ ಹೋಗಿ ಬೈದಿದ್ದ. ಬುದ್ಧಿವಾದ ಬೇಡ, ದೇವರ ಫೋಟೋ ಬೇಡ. ಒಬ್ಬರು ಮಾತಾಡಿದರೆ ಉಳಿದವರು ಬರೆಯಬೇಕಾದದ್ದು ಒಂದೇ ಮಾತು: ‘ನಂಬಿದೆ.’ ಆ ಮಾತು ಬರುವುದು ತಡವಾದರೆ ಹೇಳಿಕೊಂಡವರು ನಾಚಿ ಅಳಿಸಿಬಿಡುತ್ತಾರೆ, ಮತ್ತೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಹಾಗಾಗಿ ಎಂಥ ಕೆಲಸದ ನಡುವೆಯೂ ದನಿ ಬಂದ ಕೂಡಲೇ ಕೇಳುವುದು ಅವನಿಗೆ ಅಭ್ಯಾಸವಾಗಿತ್ತು.

ಅನಾಹುತವಾದದ್ದೂ ಆ ಅಭ್ಯಾಸದಿಂದಲೇ. ಸೋಬಾನೆ ಹೇಳುತ್ತಿದ್ದ ಹೆಂಗಸರು ಗಂಟಲಾರಿ ನೀರಿಗೆ ಎದ್ದಿದ್ದರು. ಪ್ಲೇಯರಿನಲ್ಲಿ ಹಾಡು ಓಡುತ್ತಿತ್ತು. ಬೆಳಿಗ್ಗೆ ಬಂದ ದನಿಯೊಂದು ಯಾರೂ ಕೇಳದೆ ಹಾಗೇ ಬಿದ್ದಿರುವುದು ಅವನ ಕಣ್ಣಿಗೆ ಬಿತ್ತು. ಕಿವಿಗಿಟ್ಟುಕೊಂಡು ಕೇಳೋಣವೆಂದು, ಆಂಪ್ಲಿಫೈಯರಿಗೆ ಸಿಕ್ಕಿಸಿದ್ದ ಮೊಬೈಲಿನ ವೈರು ಕಿತ್ತೆನೆಂದುಕೊಂಡು ದನಿ ಒತ್ತಿದ. ಕಿತ್ತದ್ದು ಪ್ಲೇಯರಿನ ವೈರು. ಹಾಡು ನಿಂತಿತು. ಕಂಬದ ಮೇಲಿನ ಹಾರ್ನಿನಿಂದ ಹೆಣ್ಣುದನಿಯೊಂದು ಊರಿಗೆಲ್ಲ ಕೇಳಿತು:

“ಇವತ್ತು ಬೆಳಿಗ್ಗೆಯಿಂದ ಒಲೆ ಹತ್ರ ಹೋಗಾಕೆ ಆಗ್ತಿಲ್ಲ ಅಣ್ಣ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ರೆ ಸಾಕು, ಹೊರಗೆ ಓಡ್ತೀನಿ. ನಮ್ಮತ್ತೆ ಸೊಕ್ಕು ಅಂತಾರೆ. ಅವನು ಮೆಣಸಿನಕಾಯಿ ಕೆಂಡಕ್ಕೆ ಹಾಕಿ ನನ್ನ ತಲೆ ಅದರ ಮೇಲೆ ಬಗ್ಗಿಸಿ ಹಿಡೀತಿದ್ದ. ಅವ್ವಗೆ ಹೇಳಿದ್ರೆ, ಕಟ್ಟಿ ಹೇಳ್ತೀಯ ಅಂದ್ಲು...”

ಅಷ್ಟರಲ್ಲಿ ಸರಿಯಾದ ವೈರು ಕೈಗೆ ಸಿಕ್ಕಿತ್ತು. ಹಳೇ ಹಾರ್ನು ಯಾರ ದನಿಯನ್ನಾದರೂ ಡಬ್ಬದಲ್ಲಿ ಕಲ್ಲು ಕುಲುಕಿದ ಹಾಗೆ ಮಾಡುತ್ತದೆ. ಯಾರ ದನಿಯೆಂದು ಗುರುತು ಸಿಗುವಂತಿರಲಿಲ್ಲ. ಜನ ‘ಇದೇನಿದು’ ಎಂದು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಇನ್ನೊಂದು ಹಾಡು ಹಾಕಿದ್ದರೆ ಮರೆತೂ ಬಿಡುತ್ತಿದ್ದರು. ಆಗಲೇ ಹಾಲೇಶಪ್ಪ ಎದ್ದು ನಿಂತದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ, ಊರಿನವರ ಹೆಗಲೆಲ್ಲ ಹಿಡಿದು ಅಲ್ಲಾಡಿಸಿದ.

“ಸ್ವಲ್ಪ ತಡೀರಿ ಬೀಗರೇ,” ಎಂದು ಮರುಳಪ್ಪ ನಡುವೆ ಬಂದರು. “ಏನಪ್ಪಾ ರುದ್ರ, ಎಲ್ಲಿಂದ ಬಂತು ಅದು? ತೋರ್ಸು ನೋಡಾನ.” ಬಗ್ಗಿ ಮೊಬೈಲಿನ ಮೇಲೆ ಕಣ್ಣು ಕಿರಿದು ಮಾಡಿದರು. “ತರಕಾರಿ ರೇಟು ಅಂತ ಐತಲ್ಲೋ ಇದು! ಟೊಮೆಟೊ... ಬೀನ್ಸು...”

“ರೇಟು ಬಿದ್ದಿದ್ದಕ್ಕೆ ಬೀನ್ಸು ಅಳಾಕೆ ಹತ್ತೇತೆ ಮಾಮ,” ಎಂದು ಹಿಂದಿನಿಂದ ಯಾವನೋ ಅಂದ. ಅಲ್ಲಲ್ಲಿ ನಗು ಎದ್ದಿತು. ಪರದೆ ಕಪ್ಪಾಯಿತು. ತಿಪ್ಪೇರುದ್ರ ಮೊಬೈಲನ್ನು ಜೇಬಿಗೆ ಇಳಿಸಿದ.

“ನಗ್ತೀರೇನ್ರೀ?” ಹಾಲೇಶಪ್ಪನ ಗಂಟಲು ಇನ್ನೂ ಏರಿತು. “ಮೊಬೈಲ್ ಕಿತ್ಕೊಳ್ರಿ ಅವನದ್ದು! ಯಾವಳೋ ಮನೆಮುರುಕಿ, ಸಾಕಿದೋರ ಮೇಲೆ ಇಲ್ಲದ್ದು ಹೇಳ್ಕೊಂಡು ಅಳ್ತಾಳೆ, ಇವನು ಕೇಳ್ಕೊಂಡು ಕುಣೀತಾನೆ!”

ಸಾಕಿದೋರು. ಆ ದನಿ ಸಾಕಿದವರ ಮಾತೇ ಎತ್ತಿರಲಿಲ್ಲ. ‘ಅವನು’ ಅಂದಿತ್ತು, ಅಷ್ಟೇ.

ತಿಪ್ಪೇರುದ್ರ ತಲೆ ಎತ್ತಿದ. ಶಾಮಿಯಾನದ ಆ ತುದಿಯಲ್ಲಿ, ಹೂವಿನ ಹಂದರದ ಕೆಳಗಿನ ಕುರ್ಚಿಯಲ್ಲಿ ರೂಪಶ್ರೀ ಕೂತಿದ್ದಳು. ಬಳೆಗಾರ್ತಿ ಕಲ್ಲಮ್ಮ ಅವಳ ಎಡಗೈ ಹಿಡಿದುಕೊಂಡು, ಹಸಿರು ಬಳೆಯನ್ನು ಗೆಣ್ಣಿನವರೆಗೆ ಏರಿಸಿ ಅಲ್ಲಿಗೇ ನಿಲ್ಲಿಸಿದ್ದಳು. ರೂಪಶ್ರೀ ಬಲಗೈಯಲ್ಲಿ ಸೆರಗು ಎಳೆದು ಮೂಗು ಬಾಯಿ ಒತ್ತಿ ಹಿಡಿದಿದ್ದಳು. ಎಲ್ಲಿಯೂ ಹೊಗೆ ಇರಲಿಲ್ಲ. ಮಲ್ಲಿಗೆ ಮತ್ತು ಊದುಬತ್ತಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ದ್ಯಾಮಮ್ಮ ಸೊಸೆಯ ಆ ಕೈಯನ್ನು ನೋಡುತ್ತಿದ್ದಳು. ತಟ್ಟೆ ಓರೆಯಾಗಿ ಕುಂಕುಮ ಸೀರೆಯ ಮೇಲೆ ಚೆಲ್ಲುತ್ತಿದ್ದರೂ ಅವಳಿಗೆ ಅರಿವಿರಲಿಲ್ಲ.

ಈ ಮನೆಗೆ ಮೈಕ್ ಕಟ್ಟಲು ಬರುವಾಗ ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು, ಆ ದನಿ ರೂಪಶ್ರೀಯದು. ಹೋದ ತಿಂಗಳು ಇದೇ ದನಿ ಮೊದಲ ಸಲ ಮೆಣಸಿನಕಾಯಿ ಹೊಗೆಯ ಮಾತು ಆಡಿದಾಗ ಅವನಿಗೆ ರಕ್ತ ಕುದ್ದಿತ್ತು. ತಾನೇ ಇಟ್ಟ ಕಟ್ಟಳೆ ತಾನೇ ಮುರಿದು ಅವಳೊಬ್ಬಳಿಗೇ ಬರೆದಿದ್ದ: ‘ಅವನ ಊರು ಹೇಳಕ್ಕ, ಕಾಲು ಮುರಿದು ಬರ್ತೀನಿ.’ ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂದಿತ್ತು, ತಣ್ಣಗೆ. “ಬ್ಯಾಡ ಅಣ್ಣ. ನನ್ನ ಪರವಾಗಿ ಎಲ್ಲರೂ ಮಾತಾಡ್ಯಾರೆ. ಅವ್ವ ಮಾತಾಡಿದ್ಲು, ಅವನೂ ಮಾತಾಡ್ತಾನೆ, ನಮ್ಮ ಮನೆಯೋರೂ ಮಾತಾಡ್ತಾರೆ. ನಾನೇ ಇನ್ನ ಮಾತಾಡಿಲ್ಲ.” ಅವತ್ತು ಅವನಿಗೆ ಕೆನ್ನೆಗೆ ಹೊಡೆಸಿಕೊಂಡಂತಾಗಿತ್ತು. ಅವಳು ಹೇಳಿದ್ದು ನಿಜವೆಂದು ಒಪ್ಪಿಕೊಳ್ಳಲು ವಾರ ಹಿಡಿದಿತ್ತು.

ಈಗ ಊರು ಹೇಳುವ ಅಗತ್ಯವೇ ಇರಲಿಲ್ಲ. ಆ ಮನುಷ್ಯ ಕೈಯಳತೆಯಲ್ಲಿ ನಿಂತು, ಬಾಯಿಂದ ಎಲೆಅಡಿಕೆಯ ಕೆಂಪು ಹಾರಿಸುತ್ತ ತನ್ನನ್ನೇ ನಾಯಿ ಅನ್ನುತ್ತಿದ್ದ. ಮೈಕು ಕೈಯಲ್ಲೇ ಇತ್ತು. ಸ್ವಿಚ್ಚು ಹಾಕಿ ‘ನೀನೇ’ ಅಂದರೆ ಸಾಕು, ಕಾಲುವೆಯಾಚೆ ಗದ್ದೆಯಲ್ಲಿದ್ದವರಿಗೂ ಕೇಳುತ್ತದೆ. ತಿಪ್ಪೇರುದ್ರ ಮೈಕನ್ನು ಬಾಯಿಯ ಹತ್ತಿರ ತಂದ. ಹೇಳಿದ ಮೇಲೆ ಏನಾಗುತ್ತದೆ ಅನ್ನುವುದೂ ಅವನಿಗೆ ಕಾಣುತ್ತಿತ್ತು. ಇಷ್ಟೂ ಜನರ ತಲೆ ಒಟ್ಟಿಗೆ ಆ ಕುರ್ಚಿಯ ಕಡೆ ತಿರುಗುತ್ತದೆ. ‘ಹೌದೇನವ್ವ? ಹೇಳು, ಹೌದೇನು?’ ತುಂಬು ಬಸುರಿ ಬಳೆ ಅರ್ಧ ಏರಿದ ಕೈಯಲ್ಲಿ, ಗಂಡನ ಮುಂದೆ, ಅತ್ತೆ ಮುಂದೆ, ಆ ಮನುಷ್ಯನ ಮುಂದೆ ಉತ್ತರ ಕೊಡಬೇಕು.

ದ್ಯಾಮಮ್ಮ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು ಅವನ ಹತ್ತಿರ ಬಂದಳು. ಅವಳ ದನಿ ತಗ್ಗಿತ್ತು, ಬೇಡುತ್ತಿತ್ತು.

“ಅಪ್ಪಾ, ನಿನಗೆ ಕೈ ಮುಗೀತೀನಿ. ಅದು ಯಾವ್ದೋ ಯೂಟ್ಯೂಬ್‌ನಾಗೆ ಬಂದಿದ್ದು, ಯಾರೋ ಕಟ್ಟಿರೋ ಕಥೆ ಅಂತ ಮೈಕ್‌ನಾಗೆ ಒಂದು ಮಾತು ಅಂದ್ಬಿಡು. ಇಲ್ಲಿಗೇ ಮುಗೀತೈತೆ. ನಮ್ಮ ಹುಡುಗಿ ಕಾರ್ಯ ನಡೀಬೇಕಲ್ಲ?”

ಅವಳಿಗೆ ಗೊತ್ತಾಗಿದೆ ಅನ್ನುವುದು ಅವಳ ಕಣ್ಣಿನಲ್ಲೇ ಇತ್ತು. ಕೆಟ್ಟ ಹೆಂಗಸೇನಲ್ಲ. ಮನೆ ಉಳಿಸಿಕೊಳ್ಳಲು ಒಂದು ಸುಳ್ಳು ಕೇಳುತ್ತಿದ್ದಳು. ಅಂಥ ಸುಳ್ಳು ಅವನು ದಿನಾ ಬೆಳಿಗ್ಗೆ ಬೇಕಾದಷ್ಟು ಹೇಳಿಯಾನು. ಅವನಿಗೇನು ಸವೆಯುತ್ತದೆ? ಅಂದುಬಿಟ್ಟರೆ ಹಾಲೇಶಪ್ಪ ಕೂರುತ್ತಾನೆ, ಬಾಡಿಗೆ ಸಿಗುತ್ತದೆ, ಊಟ ಮಾಡಿಕೊಂಡು ಹೋಗಬಹುದು.

ಅವನು ಮತ್ತೆ ಆ ಕುರ್ಚಿಯ ಕಡೆ ನೋಡಿದ. ರೂಪಶ್ರೀ ಸೆರಗು ಇಳಿಸಿದ್ದಳು. ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಬಾಯನ್ನು. ಮುಂದೆ ಏನು ಬರುತ್ತದೆಂದು ಅವಳಿಗೆ ಮೊದಲೇ ಗೊತ್ತಿರುವ ಹಾಗೆ, ಬಂದದ್ದು ಬರಲಿ ಎಂದು ತಯಾರಾಗಿ ಕೂತ ಹಾಗೆ.

“ಹೇಳಲೇ!” ಹಾಲೇಶಪ್ಪ ಕೂಗಿದ. “ಬಾಯಿಗೇನು ಬೀಗ ಬಿದ್ದೇತೇನು? ಸುಳ್ಳು ಅನ್ನು, ಇಲ್ಲ ಯಾರು ಅಂತ ಹೇಳು!”

ತಿಪ್ಪೇರುದ್ರ ಹೆಂಗಸರು ಕೂತ ಜಮಖಾನೆಯ ನಡುವೆ ದಾರಿ ಮಾಡಿಕೊಂಡು ನಡೆದ. ಸೋಬಾನೆಯವರು ಮೈಕು ಇಟ್ಟುಕೊಂಡಿದ್ದ ಸ್ಟೂಲು ಆ ಕುರ್ಚಿಯ ಪಕ್ಕದಲ್ಲೇ ಇತ್ತು. ಮೈಕನ್ನು ಅದರ ಮೇಲಿಟ್ಟ. ಅವಳ ಕಡೆ ನೋಡಲಿಲ್ಲ. ತಿರುಗಿ ಬಂದು, ಶಾಮಿಯಾನದ ಅಂಚಿನಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿದ.

“ನೋಡ್ರಿ, ನೋಡ್ರಿ! ಓಡಿ ಹೋಗ್ತಾನೆ! ಗಂಡಸಾಗಿದ್ರೆ ನಿಂತು ಉತ್ತರ ಕೊಡ್ತಿದ್ದ. ಬಾಡಿಗೆ ಕೊಡಬ್ಯಾಡ್ರಿ ಮರುಳಪ್ಪನೋರೇ, ಸೆಟ್ಟು ಇಲ್ಲೇ ಬಿದ್ದಿರ್ಲಿ!”

ಮಾತು ಬೆನ್ನಿಗೆ ಬಡಿಯಿತು, ಆಮೇಲೆ ತಲೆಯ ಮೇಲಿನಿಂದಲೂ ಬಿತ್ತು. ಸ್ಟೂಲಿನ ಮೇಲಿಡುವಾಗ ಮೈಕಿನ ಸ್ವಿಚ್ಚು ಹಾಕಿಯೇ ಬಂದಿದ್ದ. ಹಾಲೇಶಪ್ಪನ ಬೈಗುಳ ಕಂಬದ ಹಾರ್ನಿನಲ್ಲಿ ಹರಿದು ಓಣಿ ತುಂಬಿತು. ಜಗಲಿಯಲ್ಲಿ ಕೂತವರು ಅವನನ್ನೂ ಹಾರ್ನನ್ನೂ ಸರದಿಯ ಮೇಲೆ ನೋಡಿದರು. ತಿಪ್ಪೇರುದ್ರನ ಮುಷ್ಟಿ ತಾನಾಗಿ ಬಿಗಿಯಿತು. ಅವನು ಅದನ್ನು ಜೇಬಿಗೆ ತುರುಕಿಕೊಂಡು ಹೆಜ್ಜೆ ಹಾಕಿದ.

ಕಾಲುವೆಯ ಏರಿ ಹತ್ತುವ ಹೊತ್ತಿಗೆ ಬೈಗುಳ ನಿಂತಿತು. ನೀರಿನ ಸದ್ದು, ದೂರದ ಬಸ್ಸಿನ ಹಾರ್ನು. ಅವುಗಳ ನಡುವೆ ಕಂಬದ ಮೇಲಿನಿಂದ ಬಳೆಗಳು ಒಂದಕ್ಕೊಂದು ತಾಗುವ ಸದ್ದು ಕೇಳಿತು, ತೀರಾ ಹತ್ತಿರದಿಂದ. ಯಾರೋ ಮೈಕು ಎತ್ತಿಕೊಂಡ ಹಾಗೆ. ಆಮೇಲೆ ಒಂದು ಉಸಿರು.

ಅವನು ಹಿಂತಿರುಗಿ ನೋಡಲಿಲ್ಲ. ಏರಿಯ ಮೇಲೆ ನಡೆಯುತ್ತ ಹೋದ.